‘ಯೂಸ್ಡ್ ಟು’ ಬರೆಯುವಾಗ ಎಡವುವುದೆಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಪಕ್ಕದ ಮನೆಯ ಹುಡುಗ ಕೆಲಸಕ್ಕೆ ಅರ್ಜಿ ಬರೆದು, ಒಮ್ಮೆ ಕಣ್ಣಾಡಿಸಿ ಕೊಡಿ ಎಂದು ತಂದಿದ್ದ. ಅಚ್ಚುಕಟ್ಟಾದ ಅರ್ಜಿ. ಕೊನೆಯ ಸಾಲಿನಲ್ಲಿ ಮಾತ್ರ ‘ಐ ಯೂಸ್ಡ್ ಟು ಫಿನಿಶ್ ಮೈ ವರ್ಕ್ ಆನ್ ಟೈಮ್’ ಎಂದು ಬರೆದಿದ್ದ. ಅವನ ಮನಸ್ಸಿನಲ್ಲಿ ಇದ್ದದ್ದು ‘ಕೆಲಸವನ್ನು ಯಾವಾಗಲೂ ಹೊತ್ತಿಗೆ ಸರಿಯಾಗಿ ಮುಗಿಸುತ್ತೇನೆ’ ಎಂಬ ಮಾತು. ಓದಿದವರಿಗೆ ತಿಳಿಯುವುದು ‘ಮೊದಲೆಲ್ಲ ಹೊತ್ತಿಗೆ ಸರಿಯಾಗಿ ಮುಗಿಸುತ್ತಿದ್ದೆ, ಈಗ ಆ ಪದ್ಧತಿ ಇಲ್ಲ’ ಎಂದು. ಕೆಲಸ ಕೇಳಲು ಹೋಗಿ ತನ್ನ ಮೇಲೆ ತಾನೇ ಚಾಡಿ ಹೇಳಿಕೊಂಡ ಹಾಗಾಗಿತ್ತು.

ಈ ಒಂದು ನುಡಿಗಟ್ಟಿನ ಬಗ್ಗೆ ವರ್ಷಗಳಿಂದ ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕಾಗುಣಿತದಲ್ಲಿ ಕೊನೆಗೆ ಡಿ ಅಕ್ಷರ ಇರುವಲ್ಲಿ ‘ಯೂಸ್ಡ್’ ಎಂದೂ ಇಲ್ಲದಿರುವಲ್ಲಿ ‘ಯೂಸ್’ ಎಂದೂ ಬರೆದಿದ್ದೇನೆ. ಉಚ್ಚಾರಣೆಯ ಸಂಗತಿ ಬೇರೆ, ಅದು ಮುಂದೆ ಬರುತ್ತದೆ.

‘ಯೂಸ್ಡ್ ಟು’ ಎಂದರೆ ಕನ್ನಡದಲ್ಲಿ ಏನು?

ಒಂದೇ ಉತ್ತರ ಕೇಳಿದರೆ ಕೊಡಲಾಗುವುದಿಲ್ಲ. ನೋಡಲು ಒಂದೇ ಥರ ಇರುವ ಮೂರು ಬೇರೆ ಬೇರೆ ನುಡಿಗಟ್ಟುಗಳಿವು. ಅಡುಗೆಮನೆಯ ತುರಿಮಣೆಯನ್ನು ತೆಗೆದುಕೊಳ್ಳಿ. ಮಲೆನಾಡಿನವರು ಹೆರೆಮಣೆ ಎಂದುಕೊಳ್ಳಬಹುದು.

‘ಅಜ್ಜಿ ಯೂಸ್ಡ್ ಟು ಗ್ರೇಟ್ ಕೋಕನಟ್.’ ಅಜ್ಜಿ ಕಾಯಿ ತುರಿಯುತ್ತಿದ್ದರು. ಈಗ ತುರಿಯುವುದಿಲ್ಲ. ಮಿಕ್ಸಿ ಬಂದಿರಬಹುದು, ಅಜ್ಜಿಗೆ ಕೈ ನೋವಿರಬಹುದು, ಅಜ್ಜಿಯೇ ಇಲ್ಲದಿರಬಹುದು.

‘ಅಜ್ಜಿ ಈಸ್ ಯೂಸ್ಡ್ ಟು ಗ್ರೇಟಿಂಗ್ ಕೋಕನಟ್.’ ಕಾಯಿ ತುರಿಯುವುದು ಅಜ್ಜಿಗೆ ರೂಢಿಯಾಗಿದೆ. ಹತ್ತು ಕಾಯಿ ಮುಂದಿಟ್ಟರೂ ಬೇಸರಪಟ್ಟುಕೊಳ್ಳುವುದಿಲ್ಲ.

‘ದಿ ತುರಿಮಣೆ ಈಸ್ ಯೂಸ್ಡ್ ಟು ಗ್ರೇಟ್ ಕೋಕನಟ್.’ ಕಾಯಿ ತುರಿಯಲು ತುರಿಮಣೆಯನ್ನು ಬಳಸುತ್ತಾರೆ.

ಈಗ ಎರಡನೆಯದನ್ನೂ ಮೂರನೆಯದನ್ನೂ ಕಲಸಿ ‘ಅಜ್ಜಿ ಈಸ್ ಯೂಸ್ಡ್ ಟು ಗ್ರೇಟ್ ಕೋಕನಟ್’ ಎಂದು ಬರೆದರೆ, ಕಾಯಿ ತುರಿಯುವ ಸಲಕರಣೆಯಾಗಿ ಅಜ್ಜಿಯನ್ನು ಬಳಸುತ್ತಾರೆ ಎಂದಾಗುತ್ತದೆ. ಒಂದು ‘ಇಂಗ್’ ಬಿಟ್ಟದ್ದಕ್ಕೆ ಅಜ್ಜಿ ಹೋಗಿ ತುರಿಮಣೆಯಾದರು.

ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಮೊದಲನೆಯದು ನಮ್ಮ ‘ಉತ್ತಿದ್ದೆ’, ಎರಡನೆಯದು ನಮ್ಮ ‘ಒಗ್ಗು’, ಮೂರನೆಯದು ನಮ್ಮ ‘ಬಳಸು’. ಇಂಗ್ಲಿಷ್ ವಾಕ್ಯ ಕಟ್ಟುವ ಮುಂಚೆ ಮನಸ್ಸಿನಲ್ಲಿರುವ ಕನ್ನಡ ಕ್ರಿಯಾಪದ ಈ ಮೂರರಲ್ಲಿ ಯಾವುದು ಎಂದು ಕೇಳಿಕೊಂಡರೆ ಅರ್ಧಕ್ಕರ್ಧ ತಪ್ಪು ಅಲ್ಲಿಯೇ ನಿಲ್ಲುತ್ತದೆ.

ಹಾಗಾದರೆ ‘ಹೋಗುತ್ತಿದ್ದೆ’, ‘ಮಾಡುತ್ತಿದ್ದೆ’ ಎಂಬುದಕ್ಕೆಲ್ಲ ‘ಯೂಸ್ಡ್ ಟು’ ಹಾಕಬಹುದೇ?

ಆಗುವುದಿಲ್ಲ. ಕನ್ನಡದಲ್ಲಿ ‘ಉತ್ತಿದ್ದೆ’ ಎಂಬ ರೂಪ ಎರಡು ಕೆಲಸ ಮಾಡುತ್ತದೆ. ‘ಚಿಕ್ಕವನಿದ್ದಾಗ ಶಾಲೆಗೆ ನಡೆದುಕೊಂಡು ಹೋಗುತ್ತಿದ್ದೆ’ ಎನ್ನುವಾಗ ಅದು ಹಳೆಯ ವಾಡಿಕೆ. ‘ನಿನ್ನೆ ಶಾಲೆಗೆ ಹೋಗುತ್ತಿದ್ದೆ, ದಾರಿಯಲ್ಲಿ ಮಳೆ ಬಂತು’ ಎನ್ನುವಾಗ ಅದು ಒಂದು ದಿನ, ಒಂದು ಗಳಿಗೆಯಲ್ಲಿ ನಡೆಯುತ್ತಿದ್ದ ಕೆಲಸ. ನಮಗೆ ಎರಡಕ್ಕೂ ಒಂದೇ ಪದ ಸಾಕು. ಯಾವುದು ಯಾವುದೆಂದು ‘ಚಿಕ್ಕವನಿದ್ದಾಗ’, ‘ನಿನ್ನೆ’ ಎಂಬ ಪದಗಳೇ ಹೇಳಿಬಿಡುತ್ತವೆ. ಇಂಗ್ಲಿಷ್ ಈ ಎರಡನ್ನು ಬೇರೆ ಮಾಡುತ್ತದೆ. ಮೊದಲನೆಯದು ‘ಐ ಯೂಸ್ಡ್ ಟು ವಾಕ್ ಟು ಸ್ಕೂಲ್’, ಎರಡನೆಯದು ‘ಐ ವಾಸ್ ವಾಕಿಂಗ್ ಟು ಸ್ಕೂಲ್’.

ನಮ್ಮವರ ಬರಹದಲ್ಲಿ ಹೆಚ್ಚಾಗಿ ಕಾಣುವುದು ತಿರುಗಿದ ತಪ್ಪು: ‘ಇನ್ ಮೈ ಚೈಲ್ಡ್‌ಹುಡ್ ಐ ವಾಸ್ ಗೋಯಿಂಗ್ ಟು ಮೈ ಗ್ರ್ಯಾಂಡ್‌ಫಾದರ್ಸ್ ವಿಲೇಜ್ ಎವ್ರಿ ಸಮ್ಮರ್.’ ಅರ್ಥವೇನೋ ಆಗುತ್ತದೆ. ಆದರೆ ಓದುವವನು ‘ಹೋಗುತ್ತಿದ್ದಾಗ ಏನಾಯಿತು?’ ಎಂದು ಮುಂದಿನ ಸಾಲಿಗೆ ಕಾಯುತ್ತಾನೆ. ಏನೂ ಆಗುವುದಿಲ್ಲ. ಪ್ರತಿ ಬೇಸಿಗೆಯ ಮಾತಾದ್ದರಿಂದ ಅಲ್ಲಿ ‘ಯೂಸ್ಡ್ ಟು ಗೋ’ ಬರಬೇಕು. ಬರಿದೇ ‘ವೆಂಟ್’ ಎಂದರೂ ನಡೆಯುತ್ತದೆ.

ನಾನು ಹೇಳಿಕೊಡುವ ಒರೆಗಲ್ಲು ಇಷ್ಟೇ: ಕನ್ನಡ ವಾಕ್ಯದ ಮುಂದೆ ‘ಮೊದಲೆಲ್ಲ’ ಸೇರಿಸಿ ನೋಡಿ. ‘ಮೊದಲೆಲ್ಲ ಊರಿಗೆ ಹೋಗುತ್ತಿದ್ದೆವು’ ಸರಿಯಾಗಿ ಕೂರುತ್ತದೆ, ಆದ್ದರಿಂದ ‘ಯೂಸ್ಡ್ ಟು’. ‘ಮೊದಲೆಲ್ಲ ನಿನ್ನೆ ಹೋಗುತ್ತಿದ್ದೆ’ ಎಂದು ಯಾರೂ ಹೇಳುವುದಿಲ್ಲ.

‘ದಿನವೂ ಐದಕ್ಕೆ ಏಳುತ್ತೇನೆ’ ಎನ್ನಲು ‘ಐ ಯೂಸ್ ಟು ಗೆಟ್ ಅಪ್ ಅಟ್ ಫೈವ್’ ಎಂದು ಬರೆದರೆ ತಪ್ಪೇ?

ತಪ್ಪು, ಅದೂ ನಮ್ಮಲ್ಲಿ ಬಹಳ ಬೇರು ಬಿಟ್ಟಿರುವ ತಪ್ಪು. ಇದು ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ನನಗೊಂದು ಊಹೆ ಇದೆ. ಕನ್ನಡದಲ್ಲಿ ‘ಹೋಗುತ್ತೇನೆ’ ಎಂದರೆ ಈಗ ಹೋಗುವುದೂ ಆಗಬಹುದು, ನಾಳೆ ಹೋಗುವುದೂ ಆಗಬಹುದು. ವಾಡಿಕೆಯನ್ನು ಒತ್ತಿ ಹೇಳಬೇಕಾದಾಗ ‘ಹೋಗುತ್ತಿರುತ್ತೇನೆ’ ಎನ್ನುತ್ತೇವೆ. ಇದಕ್ಕೆ ಇಂಗ್ಲಿಷಿನಲ್ಲೂ ಏನಾದರೂ ಒಂದು ಬೇಕಲ್ಲ ಎಂದು ಹುಡುಕುವ ಮನಸ್ಸಿಗೆ ‘ಯೂಸ್ಡ್ ಟು’ ಕಾಣುತ್ತದೆ. ಭೂತಕಾಲಕ್ಕೆ ‘ಯೂಸ್ಡ್’ ಆದರೆ ವರ್ತಮಾನಕ್ಕೆ ‘ಯೂಸ್’ ಇರಲೇಬೇಕು ಎಂಬ ಲೆಕ್ಕ. ಲೆಕ್ಕವೇನೋ ಸರಿ, ಭಾಷೆ ಒಪ್ಪುವುದಿಲ್ಲ.

ತಮಾಷೆಯೆಂದರೆ ಒಂದು ಕಾಲದಲ್ಲಿ ಇಂಗ್ಲಿಷೂ ಇದನ್ನು ಒಪ್ಪುತ್ತಿತ್ತು. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್ಲಿನ 119ನೆಯ ಕೀರ್ತನೆಯಲ್ಲಿ ‘ನೀನು ವಾಡಿಕೆಯಾಗಿ ಮಾಡುವಂತೆ’ ಎಂಬ ಅರ್ಥದಲ್ಲಿ ‘ದೌ ಯೂಸೆಸ್ಟ್ ಟು ಡೂ’ ಎಂದಿದೆ. ಅದು ವರ್ತಮಾನಕಾಲವೇ. ಮುಂದೆ ಆ ರೂಪ ಬಳಕೆಯಿಂದ ಬಿದ್ದುಹೋಗಿ ಭೂತಕಾಲದ್ದು ಮಾತ್ರ ಉಳಿಯಿತು. ಇದನ್ನು ತಿಳಿದ ಒಬ್ಬ ವಿದ್ಯಾರ್ಥಿ ‘ನಾನು ಹಳೆಯ ಇಂಗ್ಲಿಷ್ ಬರೆದೆ ಸಾರ್’ ಎಂದು ವಾದಿಸಿದ್ದುಂಟು. ಅಂಕ ಮಾತ್ರ ಹೊಸ ಇಂಗ್ಲಿಷಿನ ಪ್ರಕಾರವೇ ಬಿತ್ತು.

ವರ್ತಮಾನದ ವಾಡಿಕೆಗೆ ಬರಿಯ ಕ್ರಿಯಾಪದ ಸಾಕು: ‘ಐ ಗೆಟ್ ಅಪ್ ಅಟ್ ಫೈವ್.’ ಒತ್ತು ಬೇಕಿದ್ದರೆ ‘ಯೂಶುವಲಿ’ ಸೇರಿಸಿ. ಬರಿಗಾಲಿನಲ್ಲಿ ನಿಂತ ಹಾಗೆ ಅನ್ನಿಸುತ್ತದೆ, ನಿಜ. ಇಂಗ್ಲಿಷಿಗೆ ಅಷ್ಟೇ ಸಾಕು.

ಡಿ ಅಕ್ಷರ ಕೇಳಿಸುವುದೇ ಇಲ್ಲ. ಬರೆಯಲೇಬೇಕೇ?

ಬರೆಯಲೇಬೇಕು. ಮಾತಿನಲ್ಲಿ ‘ಯೂಸ್ಡ್’ನ ಕೊನೆಯ ದನಿ ‘ಟು’ವಿನ ಮೊದಲ ದನಿಯಲ್ಲಿ ಕರಗಿಹೋಗುತ್ತದೆ. ಇಂಗ್ಲಿಷ್ ಮನೆಮಾತಿನವರ ಬಾಯಲ್ಲಿ ಅದು ‘ಯೂಸ್ಟು’ ಎಂದು ಒಂದೇ ಪದದ ಹಾಗೆ ಬರುತ್ತದೆ. ಕಿವಿಯನ್ನು ನಂಬಿ ಬರೆಯುವವರೆಲ್ಲ, ಇಂಗ್ಲಿಷ್ ಮನೆಮಾತಾದವರೂ ಸೇರಿದಂತೆ, ಇಲ್ಲಿ ಎಡವುತ್ತಾರೆ. ‘ಸಪೋಸ್ಡ್ ಟು’ವಿನ ಗತಿಯೂ ಇದೇ.

ಇನ್ನೊಂದು ಸೂಕ್ಷ್ಮ. ‘ಬಳಸಿದೆ’ ಎಂಬ ಅರ್ಥದ ‘ಯೂಸ್ಡ್’ನಲ್ಲಿ ನಡುವಿನ ದನಿ ‘ಜ಼’, ತುಟಿಯ ಹಿಂದೆ ದುಂಬಿ ಗುಂಯ್‌ಗುಟ್ಟಿದ ಹಾಗೆ. ವಾಡಿಕೆಯ ‘ಯೂಸ್ಡ್ ಟು’ವಿನಲ್ಲೂ ರೂಢಿಯ ‘ಯೂಸ್ಡ್ ಟು’ವಿನಲ್ಲೂ ಅದು ನಮ್ಮ ‘ಸ’. ತುರಿಮಣೆಯ ವಾಕ್ಯ ‘ಜ಼’, ಅಜ್ಜಿಯ ಎರಡೂ ವಾಕ್ಯ ‘ಸ’. ಬರಹದಲ್ಲಿ ಕಾಣದ ವ್ಯತ್ಯಾಸ ಇದು. ಆದರೆ ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುವವರಿಗೆ ಯಾವುದು ಯಾವುದೆಂದು ಗುರುತಿಸಲು ನೆರವಾಗುತ್ತದೆ.

‘ಡಿಡ್’ ಬಂದಾಗ ಆ ಡಿ ಎಲ್ಲಿಗೆ ಹೋಗುತ್ತದೆ?

ಬಿದ್ದುಹೋಗುತ್ತದೆ. ‘ಹಿ ಡಿಡಂಟ್ ಯೂಸ್ ಟು ಡ್ರಿಂಕ್ ಕಾಫಿ’, ‘ಡಿಡ್ ಯೂ ಯೂಸ್ ಟು ಲಿವ್ ಹಿಯರ್?’ ಇಲ್ಲಿ ಭೂತಕಾಲದ ಭಾರವನ್ನು ‘ಡಿಡ್’ ಹೊತ್ತುಕೊಂಡಿತು, ಹಿಂದಿನ ಕ್ರಿಯಾಪದ ಹಗುರಾಯಿತು.

ಇದು ನಮಗೆ ಹೊಸದೇನಲ್ಲ. ‘ಬಂದೆ’ ಎನ್ನುತ್ತೇವೆ, ‘ಬರಲಿಲ್ಲ’ ಎನ್ನುತ್ತೇವೆ. ‘ಬಂದಲಿಲ್ಲ’ ಎನ್ನುವುದಿಲ್ಲ. ನಿಷೇಧ ಬಂದ ಕೂಡಲೇ ‘ಬಂದ್’ ಎಂಬ ಭೂತರೂಪ ಹೋಗಿ ‘ಬರ್’ ಎಂಬ ಮೂಲ ಹೊರಬರುತ್ತದೆ. ‘ಹೋಗುತ್ತಿದ್ದೆ’ ಹೋಗಿ ‘ಹೋಗುತ್ತಿರಲಿಲ್ಲ’ ಆಗುವುದೂ ಹೀಗೆಯೇ. ಕನ್ನಡದ ಮಗು ವ್ಯಾಕರಣ ಓದದೆ ಮಾಡುವ ಕೆಲಸ ಇದು.

ಅಚ್ಚಾದ ಇಂಗ್ಲಿಷಿನಲ್ಲಿಯೂ ಡಿ ಸಹಿತವಾದ ‘ಡಿಡಂಟ್ ಯೂಸ್ಡ್ ಟು’ ನಿಮ್ಮ ಕಣ್ಣಿಗೆ ಬೀಳಬಹುದು. ಪರೀಕ್ಷೆಯಲ್ಲಿ, ಕಚೇರಿಯ ಪತ್ರದಲ್ಲಿ ಡಿ ಬಿಟ್ಟು ಬರೆಯುವುದೇ ಕ್ಷೇಮ. ಈ ತಾಪತ್ರಯವೇ ಬೇಡ ಎನ್ನುವವರಿಗೆ ಒಂದು ಓಣಿ ಇದೆ: ‘ಹಿ ನೆವರ್ ಯೂಸ್ಡ್ ಟು ಡ್ರಿಂಕ್ ಕಾಫಿ.’ ‘ಡಿಡ್’ ಇಲ್ಲ, ಆದ್ದರಿಂದ ಡಿ ತನ್ನ ಜಾಗದಲ್ಲಿ ಭದ್ರ. ‘ಯೂಸ್ಡ್ ನಾಟ್ ಟು’ ಎಂಬ ಬ್ರಿಟಿಷರ ಹಳೆಯ ಗತ್ತಿನ ರೂಪವೂ ಉಂಟು. ತಪ್ಪಲ್ಲ, ಆದರೆ ಮದುವೆ ಕೋಟು ಹಾಕಿಕೊಂಡು ತರಕಾರಿ ತರಲು ಹೋದ ಹಾಗಿರುತ್ತದೆ.

‘ಐ ಆ್ಯಮ್ ಯೂಸ್ಡ್ ಟು’ ನಂತರ ‘ಇಂಗ್’ ಏಕೆ ಬೇಕು? ‘ಟು’ ಆದ ಮೇಲೆ ಮೂಲ ಕ್ರಿಯಾಪದ ಬರಬೇಕೆಂದು ಶಾಲೆಯಲ್ಲಿ ಹೇಳಿದ್ದರಲ್ಲ?

ಶಾಲೆಯಲ್ಲಿ ಹೇಳಿದ್ದು ಒಂದು ‘ಟು’ವಿನ ಕಥೆ. ಇಂಗ್ಲಿಷಿನಲ್ಲಿ ಇನ್ನೊಂದು ‘ಟು’ ಇದೆ, ಅದು ನಮ್ಮ ಚತುರ್ಥಿ ವಿಭಕ್ತಿಯ ಸೋದರ ಎಂದು ತಿಳಿದುಕೊಳ್ಳಿ. ಮೈಸೂರಿಗೆ, ಅಂಗಡಿಗೆ, ಮರಕ್ಕೆ ಎಂಬಲ್ಲಿರುವ ‘ಗೆ’, ‘ಕ್ಕೆ’. ಈ ‘ಟು’ವಿನ ಮುಂದೆ ನಾಮಪದವೇ ಬರಬೇಕು.

‘ಒಗ್ಗು’ ಎಂಬ ಪದ ಇಟ್ಟು ನೋಡಿ. ‘ಬಿಸಿಲಿಗೆ ಒಗ್ಗಿದ್ದೇನೆ’ ಎಂದರೆ ‘ಐ ಆ್ಯಮ್ ಯೂಸ್ಡ್ ಟು ದಿ ಹೀಟ್.’ ಬಿಸಿಲು ನಾಮಪದ, ‘ಗೆ’ ಹತ್ತಿತು. ಈಗ ‘ಬೇಗ ಏಳು’ ಎಂಬ ಕ್ರಿಯೆಯನ್ನು ಒಗ್ಗಿಸಬೇಕು. ‘ಬೇಗ ಏಳುಗೆ ಒಗ್ಗಿದ್ದೇನೆ’ ಎನ್ನಲಾಗುವುದಿಲ್ಲ. ‘ಏಳು’ ಎಂಬುದನ್ನು ‘ಏಳುವುದು’ ಎಂದು ನಾಮಪದ ಮಾಡಿ, ಆಮೇಲೆ ‘ಕ್ಕೆ’ ಹಚ್ಚಿ ‘ಬೇಗ ಏಳುವುದಕ್ಕೆ ಒಗ್ಗಿದ್ದೇನೆ’ ಎನ್ನುತ್ತೇವೆ. ಇಂಗ್ಲಿಷ್ ಮಾಡುವುದೂ ಇಷ್ಟನ್ನೇ. ‘ಗೆಟಿಂಗ್ ಅಪ್’ ಎಂದರೆ ‘ಏಳುವುದು’, ‘ಟು’ ಎಂದರೆ ‘ಕ್ಕೆ’. ‘ಐ ಆ್ಯಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ.’ ‘ಐ ಆ್ಯಮ್ ಯೂಸ್ಡ್ ಟು ಗೆಟ್ ಅಪ್’ ಎಂದು ಬರೆದಾಗ ನೀವು ಬರೆದದ್ದು ‘ಏಳುಗೆ ಒಗ್ಗಿದ್ದೇನೆ’ ಎಂದು.

ಒಗ್ಗಿದ್ದರೆ ‘ಆ್ಯಮ್ ಯೂಸ್ಡ್ ಟು’, ಒಗ್ಗುತ್ತಿದ್ದರೆ ‘ಆ್ಯಮ್ ಗೆಟಿಂಗ್ ಯೂಸ್ಡ್ ಟು’, ಮುಂದೆ ಒಗ್ಗುವುದಾದರೆ ‘ವಿಲ್ ಗೆಟ್ ಯೂಸ್ಡ್ ಟು’. ಕರ್ನಾಟಕದಿಂದ ಚಳಿ ದೇಶಕ್ಕೆ ಹೋದವರು ಮನೆಗೆ ಬರೆಯುವ ಮೊದಲ ವರ್ಷದ ಪತ್ರಗಳಿಗೆ ಈ ಮೂರೂ ಬೇಕಾಗುತ್ತವೆ.

‘ಅಭ್ಯಾಸ’ಕ್ಕೆ ‘ಹ್ಯಾಬಿಚುಯೇಟೆಡ್’ ಎಂದೋ ‘ಅಡಿಕ್ಟೆಡ್’ ಎಂದೋ ಬರೆಯಬಹುದಲ್ಲವೇ?

‘ಹ್ಯಾಬಿಚುಯೇಟೆಡ್’ ತಪ್ಪಲ್ಲ, ಭಾರ. ಅದರ ಮುಂದೆಯೂ ‘ಟು’ ಮತ್ತು ‘ಇಂಗ್’ ಬೇಕೇ ಬೇಕು, ಆದ್ದರಿಂದ ತಪ್ಪಿಸಿಕೊಂಡಂತೆಯೂ ಆಗಲಿಲ್ಲ. ‘ಅಡಿಕ್ಟೆಡ್’ ಎಂದರೆ ಚಟ. ಬೆಳಗಿನ ಕಾಫಿಗೆ ತಮಾಷೆಯಾಗಿ ಹೇಳಬಹುದು. ‘ಐ ಆ್ಯಮ್ ಅಡಿಕ್ಟೆಡ್ ಟು ಬೆಂಗಳೂರು ಟ್ರಾಫಿಕ್’ ಎಂದು ಬರೆದವರನ್ನು ನೋಡಿದ್ದೇನೆ. ಪಾಪ, ಒಗ್ಗಿಹೋಗಿದೆ ಎನ್ನಬೇಕಿತ್ತು.

ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ‘ನನಗೆ ಅಭ್ಯಾಸವಾಗಿದೆ’ ಎನ್ನುವಾಗ ಅಭ್ಯಾಸವೇ ಕರ್ತೃ, ನಾನು ಪಕ್ಕದಲ್ಲಿ ‘ಗೆ’ ಹಚ್ಚಿಕೊಂಡು ನಿಂತವನು. ಇಂಗ್ಲಿಷಿನಲ್ಲಿ ನಾನೇ ಮುಂದೆ ಬರಬೇಕು, ‘ಗೆ’ ಚಳಿಗೋ ಟ್ರಾಫಿಕ್ಕಿಗೋ ಹೋಗಬೇಕು. ‘ಒಗ್ಗು’ ಪದದಲ್ಲಿ ಈ ಅದಲುಬದಲು ಮೊದಲೇ ಆಗಿರುತ್ತದೆ. ಅದಕ್ಕೇ ನಾನು ಅದನ್ನು ಬಿಡದೆ ಹಿಡಿದುಕೊಂಡಿರುವುದು.

‘ಐದು ವರ್ಷ ಧಾರವಾಡದಲ್ಲಿದ್ದೆ’ ಎನ್ನಲು ‘ಐ ಯೂಸ್ಡ್ ಟು ಲಿವ್ ಇನ್ ಧಾರವಾಡ ಫಾರ್ ಫೈವ್ ಇಯರ್ಸ್’?

ಬೇಡ. ಎಷ್ಟು ವರ್ಷ, ಎಷ್ಟು ಸಲ ಎಂದು ಲೆಕ್ಕ ಕೊಟ್ಟ ಕೂಡಲೇ ‘ಯೂಸ್ಡ್ ಟು’ ಜಾಗ ಬಿಡಬೇಕು. ‘ಐ ಲಿವ್ಡ್ ಇನ್ ಧಾರವಾಡ ಫಾರ್ ಫೈವ್ ಇಯರ್ಸ್.’ ಲೆಕ್ಕ ತೆಗೆದರೆ ‘ಐ ಯೂಸ್ಡ್ ಟು ಲಿವ್ ಇನ್ ಧಾರವಾಡ’ ಸರಿ. ಒಂದೇ ಸಲ ನಡೆದದ್ದಕ್ಕಂತೂ ಇದು ಸಲ್ಲದು. ‘ಐ ಯೂಸ್ಡ್ ಟು ಗೆಟ್ ಮ್ಯಾರೀಡ್ ಇನ್ 1998’ ಎಂದು ಬರೆದರೆ ಆ ವರ್ಷ ಎಷ್ಟು ಸಲ ತಾಳಿ ಕಟ್ಟಿದಿರಿ ಎಂದು ಕೇಳಬೇಕಾಗುತ್ತದೆ.

ಆದರೆ ‘ವಾರಕ್ಕೆ ಎರಡು ಸಲ’ ಎಂಬ ಲೆಕ್ಕ ಬೇರೆ. ಅದು ಒಟ್ಟು ಮೊತ್ತವಲ್ಲ, ವಾಡಿಕೆಯ ಅಳತೆ. ‘ವಿ ಯೂಸ್ಡ್ ಟು ಮೀಟ್ ಟ್ವೈಸ್ ಎ ವೀಕ್’ ಸರಿ.

ಇದರ ಬದಲು ‘ವುಡ್’ ಬಳಸಬಹುದು ಎನ್ನುತ್ತಾರೆ. ಯಾವಾಗಲೂ ಬಳಸಬಹುದೇ?

ಮತ್ತೆ ಮತ್ತೆ ಮಾಡುತ್ತಿದ್ದ ಕೆಲಸಗಳಿಗೆ ಬಳಸಬಹುದು, ಇದ್ದ ಸ್ಥಿತಿಗೆ ಬಳಸಬಾರದು. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಇರುವ ಜಾಗದಲ್ಲಿ ಮೊದಲು ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆ. ‘ದೇರ್ ಯೂಸ್ಡ್ ಟು ಬಿ ಎ ಲೇಕ್ ಹಿಯರ್’ ಸರಿ. ‘ದೇರ್ ವುಡ್ ಬಿ ಎ ಲೇಕ್ ಹಿಯರ್’ ಎಂದರೆ ಹಳೆಯ ಕೆರೆಯ ಮಾತೇ ಅಲ್ಲ. ‘ಇಲ್ಲೊಂದು ಕೆರೆ ಇದ್ದೀತು’ ಎಂದೋ ‘ಕೆರೆ ಆಗಬಹುದಿತ್ತು’ ಎಂದೋ ಆಗುತ್ತದೆ.

‘ದೇರ್ ವಾಸ್ ಎ ಲೇಕ್’ ಎಂದರೆ ಸಾಲದೇ ಎಂದು ಕೇಳಬಹುದು. ಸಾಕು. ಆದರೆ ‘ಇತ್ತು’ ಎನ್ನುವುದಕ್ಕೂ ‘ಇತ್ತು, ಈಗಿಲ್ಲ’ ಎನ್ನುವುದಕ್ಕೂ ಇರುವ ಅಂತರ ಅಲ್ಲಿದೆ. ಬಸ್ಸಿಗಾಗಿ ನಿಂತವರಿಗೆ ಕಾಲ ಕೆಳಗಿನ ಕೆರೆಯ ಬಗ್ಗೆ ಹೇಳುವಾಗ ನನಗಂತೂ ‘ಯೂಸ್ಡ್ ಟು ಬಿ’ ಬೇಕು.

ನೆನಪುಗಳನ್ನು ಬರೆಯುವವರಿಗೆ ಒಂದು ಮಾತು. ಕನ್ನಡದಲ್ಲಿ ‘ಆಡುತ್ತಿದ್ದೆವು, ಓಡುತ್ತಿದ್ದೆವು, ಬೀಳುತ್ತಿದ್ದೆವು’ ಎಂದು ಸಾಲಾಗಿ ಬಂದರೆ ಅದಕ್ಕೊಂದು ಲಯ ಇರುತ್ತದೆ. ಇಂಗ್ಲಿಷಿನಲ್ಲಿ ಸಾಲು ಸಾಲಿಗೂ ‘ಯೂಸ್ಡ್ ಟು’ ಬಂದರೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ. ಮೊದಲ ವಾಕ್ಯದಲ್ಲಿ ಒಮ್ಮೆ ‘ಯೂಸ್ಡ್ ಟು’ ಹೇಳಿ, ಮುಂದೆ ‘ವುಡ್’ ಅಥವಾ ಸಾದಾ ಭೂತಕಾಲಕ್ಕೆ ಇಳಿಯಿರಿ.

‘ಕರ್ನಾಟಕವನ್ನು ಮೊದಲು ಮೈಸೂರು ರಾಜ್ಯ ಎಂದು ಕರೆಯುತ್ತಿದ್ದರು’ ಎಂಬುದನ್ನು ಹೇಗೆ ಬರೆಯುವುದು?

‘ಕರ್ನಾಟಕ ಯೂಸ್ಡ್ ಟು ಬಿ ಕಾಲ್ಡ್ ಮೈಸೂರ್ ಸ್ಟೇಟ್.’ ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ಆ ದಿನಾಂಕವನ್ನು ಇದೇ ವಾಕ್ಯಕ್ಕೆ ತುರುಕದೆ ‘ಅಂಟಿಲ್ 1973’ ಎಂದು ಸೇರಿಸಬಹುದು, ಅಥವಾ ಬೇರೆ ವಾಕ್ಯ ಮಾಡಬಹುದು. ಮುಂದೆ ‘ವಾಸ್’ ಅಂಟಿಸಿ ‘ವಾಸ್ ಯೂಸ್ಡ್ ಟು ಬಿ ಕಾಲ್ಡ್’ ಎಂದು ಬರೆಯುವವರು ಬಹಳ. ಆ ‘ವಾಸ್’ಗೆ ಅಲ್ಲಿ ಕೆಲಸವಿಲ್ಲ.

‘ಮೊದಲು ನನಗೆ ಈಜು ಬರುತ್ತಿತ್ತು’ ಎನ್ನಲು ‘ಯೂಸ್ಡ್ ಟು ಕ್ಯಾನ್’ ಎನ್ನಬಹುದೇ?

ಇಲ್ಲ. ‘ಯೂಸ್ಡ್ ಟು ಬಿ ಏಬಲ್ ಟು ಸ್ವಿಮ್.’ ಉದ್ದವಾಯಿತು ಎನ್ನಿಸಿದರೆ ‘ಐ ಕುಡ್ ಸ್ವಿಮ್ ಒನ್ಸ್’ ಎನ್ನಿ.

ಕೆಲಸದ ಅರ್ಜಿಯಲ್ಲಿ ಯಾವುದು ಎಲ್ಲಿ?

ಬಿಟ್ಟ ಕೆಲಸಕ್ಕೂ ‘ಯೂಸ್ಡ್ ಟು’ ಬೇಡ ಎನ್ನುತ್ತೇನೆ. ‘ಐ ಯೂಸ್ಡ್ ಟು ಮೇಂಟೇನ್ ಅಕೌಂಟ್ಸ್’ ಎಂದರೆ ವ್ಯಾಕರಣ ಸರಿ, ಧ್ವನಿ ಸರಿಯಿಲ್ಲ. ಎಂದೋ ಮಾಡುತ್ತಿದ್ದೆ, ಈಗ ಕೈ ತಪ್ಪಿದೆ ಎಂಬ ನೆರಳು ಅದರ ಮೇಲಿರುತ್ತದೆ. ‘ಐ ಮೇಂಟೇನ್ಡ್ ಅಕೌಂಟ್ಸ್ ಫಾರ್ ತ್ರೀ ಇಯರ್ಸ್’ ಎಂದರೆ ಅನುಭವ ಎದೆಯುಬ್ಬಿಸಿ ನಿಲ್ಲುತ್ತದೆ. ಈಗಿನ ಗುಣಕ್ಕೆ ವರ್ತಮಾನಕಾಲ. ರಾತ್ರಿ ಪಾಳಿ, ಓಡಾಟ, ಒತ್ತಡ ಇಂಥವಕ್ಕೆ ಹೆದರುವುದಿಲ್ಲ ಎನ್ನಲು ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ನೈಟ್ ಶಿಫ್ಟ್ಸ್’. ಇಲ್ಲಿ ಮಾತ್ರ ನಮ್ಮ ನುಡಿಗಟ್ಟು ಅರ್ಜಿಗೆ ಉಪಕಾರಿ. ಪಕ್ಕದ ಮನೆಯ ಹುಡುಗನ ಸಾಲಿನಲ್ಲಿ ನಾನು ಹೊಡೆದುಹಾಕಿದ್ದು ಎರಡೇ ಪದ, ‘ಯೂಸ್ಡ್’ ಮತ್ತು ‘ಟು’. ‘ಐ ಫಿನಿಶ್ ಮೈ ವರ್ಕ್ ಆನ್ ಟೈಮ್.’ ಅವನು ಅದನ್ನು ಎರಡು ಸಲ ಓದಿ, ‘ತುಂಬಾ ಸಣ್ಣದಾಯಿತಲ್ಲ ಅಂಕಲ್’ ಎಂದ.

ವಾಕ್ಯವನ್ನು ‘ಟು’ವಿನಲ್ಲಿ ಮುಗಿಸಬಹುದೇ?

ಧಾರಾಳವಾಗಿ. ‘ಈಗಲೂ ಹಾಡುತ್ತೀರಾ?’ ಎಂದು ಯಾರಾದರೂ ಪತ್ರದಲ್ಲಿ ಕೇಳಿದರೆ ‘ನೋ, ಬಟ್ ಐ ಯೂಸ್ಡ್ ಟು’ ಎಂದು ಬರೆದು ಪೂರ್ಣವಿರಾಮ ಹಾಕಿ. ‘ಸಿಂಗ್’ ಮತ್ತೆ ಬೇಕಿಲ್ಲ, ‘ಟು’ ಮಾತ್ರ ಬಿಡುವ ಹಾಗಿಲ್ಲ. ‘ಬಟ್ ಐ ಯೂಸ್ಡ್’ ಎಂದಷ್ಟೇ ಬರೆದರೆ, ಏನನ್ನು ಬಳಸಿದಿರಿ ಎಂದು ಅವರು ಇನ್ನೊಂದು ಪತ್ರ ಬರೆಯಬೇಕಾಗುತ್ತದೆ.